ಮೈಮೇಲೆ ಬಂದದ್ದು ಮದಗುಣಕಿ

ಎಳೆಯುತ್ತಿದ್ದಾಳೆ, ಮತ್ತೆ ಎಳೆಯುತ್ತಿದ್ದಾಳೆ, ಕೈಯಲ್ಲಿ ಉಣ್ಣೆಯಿಲ್ಲ, ಕದಿರಿಲ್ಲ, ಆದರೂ ಸೋಮವ್ವನ ಹೆಬ್ಬೆರಳು ತೋರುಬೆರಳು ಗಾಳಿಯಿಂದ ನೂಲು ತೆಗೆಯುತ್ತಲೇ ಇವೆ — ಜಮಖಂಡಿಯ ದವಾಖಾನೆಯಲ್ಲಿ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ ಜಕ್ಕಪ್ಪನಿಗೆ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲ, ಬೆರಳು ಮಾತ್ರ ನೋಡುತ್ತಾನೆ, ಎಂಥ ಬೆರಳು, ಮೂವತ್ತು ವರ್ಷ ಕುರಿಯ ತುಪ್ಪಟ ಹಿಂಜಿ ಕಂಬಳಿಗೆ ನೂಲು ಕೊಟ್ಟ ಬೆರಳು, ಆ ತುಪ್ಪಟದ ಧೂಳೇ ಎದೆಗಿಳಿದು ದಮ್ಮು ಹತ್ತಿತಲ್ಲ, ಊರಿಗೆಲ್ಲ ಬೇರು ನಾರು ಕೊಡುವವನ ಹೆಂಡತಿಗೇ ದಮ್ಮು ಎಂದು ಜನ ನಗಬಾರದು ನೋಡು, ತಿಪ್ಪೆಯ ಮೇಲಿನ ಮದಗುಣಕಿಯ, ಅದೇ ದತ್ತೂರಿಯ, ಎಲೆ ಒಣಗಿಸಿ ಚಿಲುಮೆಗೆ ತುಂಬಿ ಎರಡೇ ಸಲ ಹೊಗೆ ಎಳೆಸುತ್ತಿದ್ದ, ಮೂರನೆಯದಕ್ಕೆ ಕಸಿದುಕೊಳ್ಳುತ್ತಿದ್ದ, ಎದೆ ಹಗುರಾಗುತ್ತಿತ್ತು, ಏಳು ವರ್ಷ ನಡೆದ ಮದ್ದು, ಸುಳ್ಳಲ್ಲ, ನೀವು ಇದ್ದರ ನನಗ ಡಾಕ್ಟರ್ ಯಾಕ್ರಿ ಅನ್ನುತ್ತಿದ್ದಳು, ಆ ಮಾತೇ ಅವನ ತಲೆಗೇರಿತು, ಯಾವ ಮದಗುಣಕಿಯೂ ಹಾಗೆ ಏರಲಿಕ್ಕಿಲ್ಲ. ಇವತ್ತು ಬೆಳಗ್ಗೆ ಹೊಗೆ ಎಳೆಯುವಷ್ಟೂ ಉಸಿರಿರಲಿಲ್ಲ ಅವಳಿಗೆ, ಚಿಲುಮೆ ತುಟಿಗಿಟ್ಟರೆ ಕೆಮ್ಮು, ಕಣ್ಣು ಮೇಲೆ ಮೇಲೆ, ಆಗ ಅದರ ಬೀಜ ಅರೆದ, ಬೆಲ್ಲದಲ್ಲಿ ಕಲಸಿ ನುಂಗಿಸಿದ, ಎಲೆಯ ಅಳತೆ ಕೈಗೆ ಗೊತ್ತಿತ್ತು, ಬೀಜದ್ದು ಯಾರಿಗೆ ಗೊತ್ತು, ಬೀಜ ಮುಟ್ಟಬ್ಯಾಡ ಲೇ ಅಂದಿದ್ದ ಅಪ್ಪ, ಕುರಿ ಸೈತ ಅದಕ್ಕ ಬಾಯಿ ಹಾಕೂದಿಲ್ಲ ಅಂದಿದ್ದ. ಕುರಿಗಿದ್ದ ಬುದ್ಧಿ ಅವನಿಗಿರಲಿಲ್ಲ.

ಹೊತ್ತು ಮಾರುದ್ದ ಏರುವುದರೊಳಗೆ ದಮ್ಮು ಇಳಿಯಿತು, ಖರೇನೇ ಇಳಿಯಿತು, ಅದೇ ಮೋಸ ಮಾಡಿದ್ದು — ಆಮೇಲೆ ಮುಖ ಕೆಂಪಡರಿತು, ಕಣ್ಣಗೊಂಬೆ ಅಗಲವಾಯಿತು, ಸತ್ತ ಅತ್ತೆಯ ಜೊತೆ ಮಾತು, ಅಂಗಳದಲ್ಲಿಲ್ಲದ ಕುರಿಗಳಿಗೆ ಗದರಿಕೆ, ಗಾಳಿಯಲ್ಲಿ ನೂಲು, ನೆರೆಯವರು ಕೂಡಿದರು, ಬೀರಪ್ಪನ ಗುಡಿಯ ಪೂಜಾರಿ ಕರೆಪ್ಪ ಬಂದವನೇ ಅವಳ ಮೇಲೆ ಭಂಡಾರದ ಅರಿಶಿನ ತೂರಿ, ಬೀರಪ್ಪ ಬಂದಾನ, ಡೊಳ್ಳು ತರ್ರಿ ಅಂದ. ಜಕ್ಕಪ್ಪನಿಗೆ ಗೊತ್ತಿತ್ತು, ಅರೆದ ಕಲ್ಲನ್ನು ಇನ್ನೂ ತೊಳೆದಿರಲಿಲ್ಲ, ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಯಾಕೋ, ಈಗಾದರೂ ಹೇಳಿಕೋ — ಇಪ್ಪತ್ತು ವರ್ಷದಿಂದ ದೇವರು ಬರುವುದೆಲ್ಲ ಕರೆಪ್ಪನ ಮನೆತನಕ್ಕೇ, ಹೇಳಿಕೆ ಅವರದು, ಕಾಯಿ ಕರ್ಪೂರ ಅವರದು, ಇವತ್ತು ಆ ಕರೆಪ್ಪನೇ ಇವನ ಅಂಗಳದಲ್ಲಿ ಅಡ್ಡಬಿದ್ದ, ಜನ ಇವನ ಕಾಲನ್ನೂ ಮುಟ್ಟಿದರು, ಛೀ, ಹಿತವಾಯಿತಲ್ಲ, ಹೆಂಡತಿ ಸಾಯುತ್ತಿರುವಾಗ ಹಿತವಾಯಿತಲ್ಲ ನಿನಗೆ. ನೀರ, ನೀರ ಅಂದಳು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಕರೆಪ್ಪ ಜನರ ಕಡೆ ತಿರುಗಿ ಈ ಸಲ ಮಳಿ ಛಲೋ ಆಕ್ಕೈತಿ, ದೇವರ ಹೇಳಿಕಿ ಆತು ಅಂದ, ಡೊಳ್ಳು ಇನ್ನೂ ಜೋರಾಯಿತು, ದೇವರು ಮೈದುಂಬಿದವರಿಗೆ ನೀರು ಕುಡಿಸುವ ರೂಢಿಯಿಲ್ಲವಂತೆ, ಯಾರೂ ಕೊಡಲಿಲ್ಲ. ಅವನೂ ಕೊಡಲಿಲ್ಲ.

ಮಧ್ಯಾಹ್ನ ಕೈಕಾಲು ಸೆಟೆದು ಬಿದ್ದಾಗ ದೇವರು ಮುನಿದಾನ ಅನ್ನುತ್ತ ಕರೆಪ್ಪ ಮೆಲ್ಲಗೆ ಜಾರಿದ, ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಬರುತ್ತಿದ್ದ ಟ್ರ್ಯಾಕ್ಟರಿನಲ್ಲಿ ಅವಳನ್ನು ಮಲಗಿಸಿಕೊಂಡು ಜಕ್ಕಪ್ಪನೇ ಇಲ್ಲಿಗೆ ತಂದ, ಡಾಕ್ಟರು ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ಏನ್ ಕೊಟ್ಟೀರಿ ಇವರಿಗೆ ಎಂದರೆ ದೇವರು ಬಂದಿತ್ರಿ ಅಂದುಬಿಟ್ಟಿತು ಹಾಳು ನಾಲಿಗೆ, ದೇವರಿಗೆ ನನ್ನ ಕಡೆ ಸೂಜಿ ಇಲ್ಲಪಾ, ಹೊಟ್ಟಿಗಿ ಏನ್ ಹೋಗೈತಿ ಅದನ್ನ ಹೇಳು ಅಂದರು ಡಾಕ್ಟರು — ಬೀಜರಿ, ಮದಗುಣಕಿ ಬೀಜ, ನಾನ ಅರದ ಕೊಟ್ಟೇನ್ರಿ. ಬೈಯಲಿಲ್ಲ ಆ ಮನುಷ್ಯ, ಬೈದಿದ್ದರೆ ಚೆನ್ನಾಗಿತ್ತು, ನಿನ್ನ ಎಲಿ ಸುಳ್ಳಲ್ಲ, ಅದರ ಸತ್ವ ನಮ್ಮ ಔಷಧದಾಗೂ ಐತಿ, ನಾವು ಹನಿ ಎಣಿಸಿ ಹಾಕತೇವಿ, ಮುಂಜಾನೆ ತಂದಿದ್ರ ಹೊಟ್ಟಿ ತೊಳೀಬಹುದಿತ್ತು, ಈಗ ರಕ್ತಕ್ಕ ಇಳದೈತಿ, ಎದಿ ತಡಕೊಂಡ್ರ ಉಳದಾಳು ಅಂದು ಸೂಜಿ ಚುಚ್ಚಿ ಹೋದ. ಮುಂಜಾನೆ, ಮುಂಜಾನೆ ಅವನು ಕೈ ಕಟ್ಟಿಕೊಂಡು ಡೊಳ್ಳು ಕೇಳುತ್ತಿದ್ದ. ಸಲೈನು ಕಿತ್ತುಕೊಂಡಾಳೆಂದು ಅವಳ ಮಣಿಕಟ್ಟನ್ನು ಬಟ್ಟೆಯಿಂದ ಮಂಚಕ್ಕೆ ಬಿಗಿದಿದ್ದಾರೆ, ಬೆರಳಿಗೆ ಕಟ್ಟಿಲ್ಲ, ಎಳೆಯುತ್ತಿದ್ದಾಳೆ, ಎಳೆ ಉದ್ದವಾಯಿತೋ ಏನೋ, ತುದಿಯನ್ನು ಅವನ ಕಡೆ ಚಾಚಿದಳು, ಹಿಡೀರಿ, ಹರದೀತು, ಹಿಡೀರಿ — ಅವನು ಎರಡು ಬೆರಳು ಮುಂದೊಡ್ಡಿ ಹಿಡಿದ, ಹಿಡದೇನಿ ಅಂದ, ಅವಳ ಬೆರಳು ನಿಂತಿತು, ಎಳೆಯಲಿಲ್ಲ, ಇವನು ಬಿಡಲಿಲ್ಲ, ಎರಡು ಬೆರಳು, ನಡುವೆ ಏನೂ ಇಲ್ಲ, ಬಿಡಲಿಲ್ಲ, ಎರಡು ಬೆರಳು, ನಡುವೆ ಏನೂ ಇಲ್ಲ