ಕಾಂತಿ ಹಾಕಿದ ಜಾರದ ಗಂಟು

"ಹಗ್ಗಕ್ಕೆ ಗಂಟು ಹಾಕ್ಲಿಕ್ಕೆ ಕಲಿಯಲು ಮೂಡಬಿದಿರೆಯವರೆಗೆ ಹೋಗ್ಬೇಕಾ ಟೀಚರೇ? ನಮ್ಮ ದನ ಗಂಟು ಬಿಚ್ಚಲಿಕ್ಕೆ ಕಲಿತದ್ದು ಹಟ್ಟಿಯಲ್ಲೇ!"

ಮುಂಡಾಜೆಯ ತನ್ನ ಮನೆಯ ಜಗಲಿಯಲ್ಲಿ ವೀಳ್ಯ ಮೆಲ್ಲುತ್ತಿದ್ದ ನಿತ್ಯಾನಂದ ಶೆಟ್ಟಿ ಹೀಗೆಂದು ತಾನೇ ನಕ್ಕ. ಮಜ್ಜಿಗೆ ತಂದ ತಂಗಿ ನೀಲಾವತಿಗೆ ನಗು ಬರಲಿಲ್ಲ. ಮಗಳು ಕಾಂತಿ ರಜೆಯಲ್ಲಿ ಗೈಡ್ ಶಿಬಿರಕ್ಕೆ ಹೋಗಲೆಂದು ಅವಳಿಗೆ ಬಹಳ ಆಸೆ. ಆದರೆ ಆ ಮನೆಯಲ್ಲಿ ಸೋದರಮಾವ ಹೂಂ ಅನ್ನದೆ ಮಕ್ಕಳ ಯಾವ ಕೆಲಸವೂ ನಡೆಯುವುದಿಲ್ಲ. ಅದಕ್ಕೇ ಶಾಲೆಯ ಗೈಡ್ ಟೀಚರ್ ಶಶಿಪ್ರಭಾ ೧೯೫೮ರ ಬೇಸಿಗೆಯ ಆ ಬಿರುಬಿಸಿಲಲ್ಲಿ ನಡೆದು ಬಂದಿದ್ದರು.

"ಗಂಟು ಮಾತ್ರ ಅಲ್ಲ ಶೆಟ್ರೇ. ಗಾಯಕ್ಕೆ ಪಟ್ಟಿ ಕಟ್ಟುವುದು, ಬಯಲಲ್ಲಿ ಅಡುಗೆ ಮಾಡುವುದು, ನಕ್ಷತ್ರ ನೋಡಿ ದಿಕ್ಕು ಹೇಳುವುದು..."

"ನಮ್ಮ ಹುಡುಗಿಗೆ ದಿಕ್ಕು ಗೊತ್ತುಂಟು. ಅಡುಗೆಮನೆ ಆಚೆ, ಬಾವಿ ಈಚೆ. ಅಷ್ಟು ಸಾಕು."

ನೀಲಾವತಿ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯ ಜುಲೈಕಾ ಬೊಬ್ಬೆ ಹಾಕುತ್ತ ಓಡಿ ಬಂದಳು. "ಶೆಟ್ರೇ, ನನ್ನ ಆಡಿನ ಮರಿ ನಿಮ್ಮ ಬಾವಿಗೆ ಬಿತ್ತು!"

"ಅಷ್ಟಕ್ಕೆ ಇಷ್ಟು ಬೊಬ್ಬೆಯಾ?" ನಿತ್ಯಾನಂದ ಮುಂಡು ಎತ್ತಿ ಕಟ್ಟಿ, ಬಾವಿಯ ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಳಿದೇಬಿಟ್ಟ. ಸೊಂಟಕ್ಕೆ ಹಗ್ಗ ಬೇಡವೇ ಎಂದು ಟೀಚರ್ ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಮರಿಯೇನೋ ಮೇಲಿನವರು ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಕುಳಿತು ಮೇಲೆ ಬಂತು. ಹತ್ತುವಾಗ ಒಂದು ಕಲ್ಲು ಸಡಿಲಿ, ನಿತ್ಯಾನಂದ ದೊಪ್ಪನೆ ನೀರಿಗೆ ಬಿದ್ದ. ಸೊಂಟದಷ್ಟೇ ನೀರು, ಆದರೆ ಕಾಲು ಉಳುಕಿತ್ತು.

ಗಾಬರಿಯಾದ ನೀಲಾವತಿ ದಿನವೂ ಕೊಡಪಾನಕ್ಕೆ ಹಾಕುವ ಕುಣಿಕೆಯನ್ನೇ ಹಗ್ಗದ ತುದಿಗೆ ಹಾಕಿ ಕೆಳಗೆ ಬಿಟ್ಟಳು. ಅಣ್ಣ ಅದನ್ನು ಸೊಂಟಕ್ಕೆ ಹಾಕಿಕೊಂಡ. ಮೇಲಿನವರು ಎಳೆದರು.

"ಅಯ್ಯಯ್ಯೋ, ಬಿಡಿ! ಹೊಟ್ಟೆ ಎರಡು ತುಂಡಾಗ್ತದೆ!"

"ಅಮ್ಮ, ಅದು ಕೊಡಪಾನದ ಕುಣಿಕೆ," ಎಂದಳು ಬೊಬ್ಬೆ ಕೇಳಿ ಒಳಗಿಂದ ಓಡಿ ಬಂದಿದ್ದ ಕಾಂತಿ. "ಎಳೆದಷ್ಟೂ ಬಿಗಿಯುತ್ತದೆ. ಮನುಷ್ಯರಿಗೆ ಅದು ಆಗ್ಲಿಕ್ಕಿಲ್ಲ."

ಅವಳು ಹಗ್ಗ ಮೇಲೆ ತೆಗೆದು, ತುದಿಯಲ್ಲಿ ಶಾಲೆಯ ಗೈಡ್ ದಳದಲ್ಲಿ ಕಲಿತ ಬೇರೊಂದು ಉರುಳು ಕಟ್ಟಿದಳು.

"ಸ್ವಲ್ಪ ದೊಡ್ಡದು ಮಾಡು ಮಗಾ," ಎಂದಳು ಜುಲೈಕಾ. "ನಿನ್ನ ಮಾವ ಅಂದ್ರೆ ಭತ್ತದ ಕಣಜ."

"ಕೇಳ್ತದೆ ಜುಲೈಕಾ, ನನಗೆ ಇಲ್ಲಿಗೂ ಕೇಳ್ತದೆ!"

ಕಾಂತಿ ಆ ಉರುಳನ್ನು ತಾಯಿಯ ಕೈಗೆ ಕೊಟ್ಟು, "ಜೋರಾಗಿ ಜಗ್ಗಿ ನೋಡು" ಎಂದಳು. ನೀಲಾವತಿ ಮೈಭಾರ ಹಾಕಿ ಜಗ್ಗಿದಳು. ಉರುಳು ಬಿಗಿಯಲೂ ಇಲ್ಲ, ಬಿಚ್ಚಲೂ ಇಲ್ಲ. ಹಗ್ಗದ ಇನ್ನೊಂದು ಕಡೆಯನ್ನು ಟೀಚರ್ ತೆಂಗಿನಮರಕ್ಕೆ ಸುತ್ತಿ ಹಿಡಿದರು, ಕೈ ಜಾರಿದರೂ ಮನುಷ್ಯ ಬೀಳಬಾರದೆಂದು.

"ಮಾವ, ತಲೆಯಿಂದ ಹಾಕಿ ಎರಡೂ ಕಂಕುಳ ಕೆಳಗೆ ತನ್ನಿ. ಒಳ್ಳೆಯ ಕಾಲನ್ನು ಗೂಡಿನಲ್ಲಿ ಇಡಿ. ನಾನು ಹೇಳಿದಾಗ ಮಾತ್ರ ಏಳಿ."

ಮನೆಯವರಿಗೆಲ್ಲ ಅಪ್ಪಣೆ ಕೊಡುವ ಮಾವ ಅವಳು ಹೇಳಿದ ಹಾಗೇ ಮಾಡಿದ. ಒಂದೊಂದು ಗೂಡು ಹತ್ತಿದಂತೆ ಇವರು ಹಗ್ಗ ಎಳೆದು ಬಿಗಿಮಾಡಿದರು. ಕೊನೆಗೆ ಕಟ್ಟೆಯ ಮೇಲೆ ಅವನ ಒದ್ದೆ ತಲೆ ಕಂಡಾಗ ನೀಲಾವತಿಗೆ ಉಸಿರು ಬಂತು. ಜಗಲಿಯಲ್ಲಿ ಬಾಯಲ್ಲೇ ಉಳಿದಿದ್ದ ಮಾತೂ ಬಂತು.

"ಅಣ್ಣ, ಕಾಂತಿ ಶಿಬಿರಕ್ಕೆ ಹೋಗ್ಲಿ."

ನಿತ್ಯಾನಂದ ಹೊಟ್ಟೆ ಸವರಿಕೊಂಡ. "ರಾತ್ರಿ ಎಲ್ಲಿ ಮಲಗುವುದು ಇವರು?"

"ಶಾಲೆಯ ಕಟ್ಟಡದಲ್ಲಿ. ಜೊತೆಗೆ ನಾವು ಟೀಚರ್‌ಗಳು ಇರ್ತೇವೆ," ಎಂದರು ಶಶಿಪ್ರಭಾ.

"ನನ್ನ ಮಗಳು ಶಹರ್ಬಾನುವನ್ನೂ ಸೇರಿಸ್ತೀರಾ ಟೀಚರೇ? ನಮಾಜಿಗೆ ಜಾಗ ಉಂಟಾ?" ಎಂದಳು ಜುಲೈಕಾ.

"ಬೇಕಾದಷ್ಟು ಉಂಟು."

"ಹಾಗಾದ್ರೆ ಇಬ್ಬರೂ ಹೋಗ್ಲಿ ಮಾರಾಯ್ರೇ. ನಾನು ಬೇಡ ಅಂದ್ರೆ ಇವಳು ನನ್ನನ್ನು ಪುನಃ ಬಾವಿಗೆ ಇಳಿಸಿಯಾಳು!"

ಅಕ್ಕಂದಿರೇ, ಅಣ್ಣಂದಿರೇ, ಬಾವಿಗೆ ಇಳಿಯುವ ಮೊದಲು ಹಗ್ಗ ಕಟ್ಟಿಕೊಳ್ಳಿ, ಮೇಲೆ ಜನ ನಿಲ್ಲಿಸಿಕೊಳ್ಳಿ. ನಿಮ್ಮ ಶಾಲೆಯಲ್ಲಿ ಸ್ಕೌಟ್ ಅಥವಾ ಗೈಡ್ ದಳ ಇದ್ದರೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿ. ಇಲ್ಲದಿದ್ದರೆ ನಾಳೆಯೇ ಹೋಗಿ ಹೆಡ್‌ಮಾಸ್ತರರನ್ನು ಕೇಳಿ, ನಾಚಿಕೆ ಬೇಡ.

ಶಿಬಿರದ ದಿನ ಬೆಳಿಗ್ಗೆ ರಸ್ತೆಬದಿಯಲ್ಲಿ ಇಬ್ಬರು ಹುಡುಗಿಯರು ಗಂಟುಮೂಟೆ ಹಿಡಿದು ನಿಂತಿದ್ದರು. ತುಂಬಿದ ಬೆಳ್ತಂಗಡಿ ಬಸ್ಸು ನಿಲ್ಲಿಸದೆ ಹೋಗುವಂತೆ ಕಂಡಿತು. ನಿತ್ಯಾನಂದ ಕುಂಟುತ್ತ ನಡುರಸ್ತೆಗೆ ಹೋಗಿ, ಎರಡೂ ಕೈ ಚಾಚಿ ಅದನ್ನು ನಿಲ್ಲಿಸಿದ.