ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಗಂಡನ ಪಥ್ಯದ ಏಳನೇ ವಾರದ ಭಾನುವಾರ ಬೆಳಿಗ್ಗೆ ಆಕೆಗೆ ಕಂಪ್ಯೂಟರನ್ನು ಎತ್ತಿ ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬಂತು. ಪರದೆಯ ಮೇಲಿನ ಗೆರೆ ಜಾರುಬಂಡಿಯ ಹಾಗೆ ಕೆಳಗಿಳಿದು, ಅವನ ತೂಕ ಇಷ್ಟು ಹೊತ್ತಿಗೆ ಒಂಬತ್ತು ಕಿಲೋ ಕಡಿಮೆಯಾಗಿರಬೇಕು ಎನ್ನುತ್ತಿತ್ತು. ಬಚ್ಚಲಿನ ಬಾಗಿಲಲ್ಲಿದ್ದ ತೂಕದ ಯಂತ್ರ ಮುನ್ನೂರು ಗ್ರಾಂ ಹೆಚ್ಚಾಗಿದೆ ಎನ್ನುತ್ತಿತ್ತು. ಅದರ ಮೇಲೆ ನಿಂತಿದ್ದ ಮಹಾರಾಯನಿಗೆ ಎರಡರ ಚಿಂತೆಯೂ ಇದ್ದಂತಿರಲಿಲ್ಲ.

“ಮಿಷನ್ ಕೆಟ್ಟಿರಬೇಕು ಕಣೇ.”

“ಕೆಟ್ಟಿರೋದು ನನ್ನ ತಲೆ. ಇಳೀರಿ ಕೆಳಗೆ.”

ಇಳಿಯುವುದೇನು ಸುಲಭವೇ? ಬಲಮಂಡಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ಮಂಡಿ ಬದಲಾಯಿಸೋಣ, ಆದರೆ ನಾಲ್ಕು ತಿಂಗಳೊಳಗೆ ಎಂಟು ಕಿಲೋ ಇಳಿಯಲೇಬೇಕು, ಇಲ್ಲದಿದ್ದರೆ ಸರದಿ ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ವರ್ಷ ಕಾಯಬೇಕು ಎಂದಿದ್ದರು ಡಾಕ್ಟರು. ಆರುನೂರು ವಿದ್ಯಾರ್ಥಿಗಳಿರುವ ಹಾಸ್ಟೆಲಿನ ಮುಖ್ಯ ಬಾಣಸಿಗ ಆತ. ಇನ್ನೊಂದು ವರ್ಷ ಆ ಕಾಲಿನ ಮೇಲೆ ನಿಂತರೆ ಆಮೇಲೆ ನಿಲ್ಲುವ ಮಾತೇ ಇಲ್ಲ.

ತೂಕ ಇಳಿಸುವ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಟ್ಟವಳು ಆಕೆಯ ತಂಗಿ. ತಿಂದದ್ದನ್ನೆಲ್ಲ ಅದಕ್ಕೆ ಹೇಳಬೇಕು, ಅದು ಲೆಕ್ಕ ಹಾಕಿ ಬುದ್ಧಿ ಹೇಳುತ್ತದೆ. ಆಕೆ ಔಷಧಿ ಗೋದಾಮಿನ ಗುಮಾಸ್ತೆ. ಪುಸ್ತಕದಲ್ಲಿರುವ ಡಬ್ಬಿ ಕಪಾಟಿನಲ್ಲೂ ಇರಬೇಕು, ಇಲ್ಲದಿದ್ದರೆ ಆಕೆಗೆ ಊಟ ಸೇರುವುದಿಲ್ಲ. ಅಂಥವಳು ದಿನಾ ಸಂಜೆ ಗಂಡನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸುತ್ತಿದ್ದಳು.

“ಬೆಳಿಗ್ಗೆ?”

“ಟೀ. ಸಕ್ಕರೆ ಇಲ್ಲ.”

“ಮಧ್ಯಾಹ್ನ?”

“ಒಂದು ಸೌತೆಕಾಯಿ.”

“ಈಗ ಏನು ತಿಂತೀರಿ?”

“ಹಸಿವಿಲ್ಲ.”

ಹಸಿವಿಲ್ಲವಂತೆ! ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಸಂಜೆ ಆ ಬಾಯಿಂದ ಬರುವ ಮಾತು ಅದೊಂದೇ. ಆಕೆ ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದಳು.

ಸಾಫ್ಟ್‌ವೇರಿಗೂ ಅನುಮಾನ ಬಂದಿರಬೇಕು. ಆ ಭಾನುವಾರ ಪರದೆಯ ಮೇಲೆ ಹಳದಿ ಚೌಕವೊಂದು ಎದ್ದು ಬಂತು. ‘ನೀವು ತೀರಾ ಕಡಿಮೆ ತಿನ್ನುತ್ತಿದ್ದೀರಿ. ದಯವಿಟ್ಟು ಹೊಟ್ಟೆತುಂಬ ಊಟ ಮಾಡಿ.’

“ನೋಡ್ರೀ, ನಿಮಗೆ ಇನ್ನೂ ಬಡಿಸಬೇಕಂತೆ!” ಆಕೆ ಮೇಜು ಕುಟ್ಟಿದಳು. “ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡಿದೀರಾ? ಎಲ್ಲಿ ಕದ್ದು ತಿಂತೀರಿ, ಹೇಳಿ!”

“ನಿನ್ನಾಣೆ ಕಣೇ. ತಟ್ಟೆ ಮುಟ್ಟಿದ್ರೆ ಕೇಳು.”

ಬುಧವಾರ ಆಕೆ ರಜೆ ಹಾಕಿ, ನೋಟ್‌ಬುಕ್ಕು ಪೆನ್ನು ಹಿಡಿದು ಹಾಸ್ಟೆಲಿನ ಅಡುಗೆಮನೆಗೇ ಹೋದಳು. ತರಕಾರಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಮೂಲೆಯಲ್ಲಿ ಕೂತಳು. ಎಂಟು ಹಂಡೆಗಳು ಬುಸುಗುಡುತ್ತಿದ್ದವು. ಗಂಡ ಕುಂಟುತ್ತ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ಸೌಟು ಅದ್ದುವುದು, ಬಟ್ಟಲಿಗೆ ಸುರಿಯುವುದು, ಊದುವುದು, ನುಂಗುವುದು. ಕುದಿ ಬಂದಾಗ ಒಮ್ಮೆ, ಉಪ್ಪು ಬಿದ್ದ ಮೇಲೊಮ್ಮೆ, ಇಳಿಸುವ ಮುಂಚೆ ಇನ್ನೊಮ್ಮೆ. ಬೆಣ್ಣೆ ತೇಲುವ ಗೊಜ್ಜು, ಹಾಲಿನಲ್ಲಿ ಬೆಂದ ಅಕ್ಕಿ, ಸಕ್ಕರೆ ಪಾಕ, ಯಾವುದನ್ನೂ ಬಿಡಲಿಲ್ಲ. ಇದರ ನಡುವೆ “ಗುರುಗಳೇ, ಇದೊಂಚೂರು ನೋಡಿ” ಎಂದು ಎರಡನೇ ಅಡುಗೆಯವಳು ಬಟ್ಟಲು ಹಿಡಿದು ಬರುತ್ತಿದ್ದಳು.

ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಆಕೆಗೆ ತಡೆಯಲಾಗಲಿಲ್ಲ.

“ರೀ, ಅರವತ್ತೊಂದು!”

“ಏನು ಅರವತ್ತೊಂದು?”

“ನೀವು ನುಂಗಿದ್ದು!”

ಗಂಡ ನಿಜವಾಗಿಯೂ ಕಕ್ಕಾಬಿಕ್ಕಿಯಾದ. “ಅದು ತಿನ್ನೋದು ಹೇಗಾಗುತ್ತೆ? ರುಚಿ ನೋಡಿದ್ದು ಕಣೇ, ಅದು ಕೆಲಸ. ಬಡಗಿ ದಿನವಿಡೀ ಮರ ಕುಯ್ದ್ರೆ ಮರ ತಿಂದ ಅಂತೀಯಾ?”

ಎರಡನೇ ಅಡುಗೆಯವಳು ಗೋಡೆ ಕಡೆ ತಿರುಗಿಕೊಂಡು ನಕ್ಕಳು. ಆಕೆಗೆ ನಗು ಬರಲಿಲ್ಲ. ಕಳ್ಳನಾಗಿದ್ದರೆ ಬೈಯಬಹುದಿತ್ತು, ಈ ಸತ್ಯವಂತನನ್ನು ಏನು ಮಾಡುವುದು? ಸಂಜೆ ಅರವತ್ತೊಂದನ್ನೂ ಒಂದೊಂದಾಗಿ ಕಂಪ್ಯೂಟರಿಗೆ ತುಂಬಿದಳು. ಕೆಂಪು ಪಟ್ಟಿ ಬೆಳೆದು ಬೆಳೆದು ಪರದೆಯ ಅಂಚು ಮುಟ್ಟಿತು.

“ಇಷ್ಟೆಲ್ಲ ನಾನೇನಾ?”

“ಅಲ್ಲ, ಪಕ್ಕದ್ಮನೆಯವ್ರು.”

ಮರುದಿನದಿಂದ ರುಚಿ ನೋಡುವ ಕೆಲಸ ಎರಡನೇ ಅಡುಗೆಯವಳದ್ದಾಯಿತು. ಗಂಡ ಕೈಕಟ್ಟಿ ನಿಂತ. ಮೊದಲ ವಾರ ಮನೆಗೆ ಬಂದರೆ ಅವನ ಗೊಣಗಾಟ ಕೇಳಲಾಗುತ್ತಿರಲಿಲ್ಲ. “ಅವಳ ನಾಲಿಗೆಗೆ ಏನು ಗೊತ್ತು? ನೋಡ್ತಿರು, ನಾಳೆ ಹುಡುಗರು ತಟ್ಟೆ ಎತ್ತಿ ಬಿಸಾಕ್ತಾರೆ.” ಯಾರೂ ಬಿಸಾಕಲಿಲ್ಲ. ತೂಕ ಒಂದು ಕಿಲೋ ಇಳಿಯಿತು, ಆಮೇಲೆ ಮೂರು. ಸಾಫ್ಟ್‌ವೇರು ಹಸಿರು ನಕ್ಷತ್ರ ಕೊಟ್ಟಿತು. ಗಂಡ ಸಂಜೆ ಅದು ಹೇಳಿದಷ್ಟು ಬೇಯಿಸಿದ ತರಕಾರಿಯನ್ನು, ಸಪ್ಪೆಯೋ ಖಾರವೋ ಎಂದು ಸಹ ಹೇಳದೆ ತಿನ್ನತೊಡಗಿದ. ಅದನ್ನು ಕಂಡು ಆಕೆಗೆ ಮೊದಲಿಗಿಂತ ಹೆಚ್ಚು ರೇಗುತ್ತಿತ್ತು.

“ಯಾರೂ ಏನೂ ಅನ್ನಲಿಲ್ಲ ಕಣೇ,” ಎಂದ ಒಂದು ಸಂಜೆ.

“ಯಾರು?”

“ಹುಡುಗರು. ಐದು ವಾರ ಆಯ್ತು. ಯಾಕೋ ಮುಂಚಿನ ಹಾಗಿಲ್ಲ ಅಂತ ಒಬ್ಬನಾದ್ರೂ ಬೈಬಾರದಾ?”

“ಒಳ್ಳೇದೇ ಆಯ್ತಲ್ಲ,” ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ನಾಲ್ಕು ತಿಂಗಳು ತುಂಬಿದ ದಿನ ಆಸ್ಪತ್ರೆಯಲ್ಲಿ ತೂಗಿದರೆ ಎಂಟೂವರೆ ಕಿಲೋ ಇಳಿದಿತ್ತು. ಡಾಕ್ಟರು ಖುಷಿಯಾಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು.

“ಎರಡು ತಿಂಗಳು ಒಲೆ ಮುಂದೆ ನಿಲ್ಲೋ ಹಾಗಿಲ್ಲ. ನೀವಿಲ್ದೆ ಅಡುಗೆಮನೆ ನಡೆಯುತ್ತಾ?”

“ನಡೆಯುತ್ತೆ ಡಾಕ್ಟ್ರೇ. ನಾನೇನೂ ಬೇಕಾಗಿಲ್ಲ.”

ತಮಾಷೆಯೆಂದುಕೊಂಡು ಡಾಕ್ಟರು ನಕ್ಕರು. ಬಸ್ಸಿನಲ್ಲಿ ಬರುವಾಗ ಆಕೆ ದಾರಿಯುದ್ದಕ್ಕೂ ಡ್ರೈವರನನ್ನು, ಬಿಸಿಲನ್ನು, ಕಂಪ್ಯೂಟರನ್ನು, ಕೊನೆಗೆ ತಂಗಿಯನ್ನೂ ಬೈದಳು. ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಮನೆಗೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಿದಳು. ಇದ್ದ ತರಕಾರಿಯನ್ನೆಲ್ಲ ಹಾಕಿ ಸೂಪು ಕುದಿಸಿ, ಸೌಟಿನಲ್ಲಿ ಒಂದಿಷ್ಟು ಎತ್ತಿಕೊಂಡು ಗಂಡನ ಎದುರು ನಿಂತಳು.

“ಬಾಯಿ ತೆಗೀರಿ.”

“ಇದನ್ನೂ ಬರ್ಕೋತೀಯಾ?”

“ಬಾಯಿ ಮುಚ್ಕೊಂಡು ಬಾಯಿ ತೆಗೀರಿ!”

ಗಂಡ ಊದಿ, ಹೀರಿ, ಕಣ್ಣು ಮುಚ್ಚಿದ. ಹುಬ್ಬೊಂದು ಮೇಲೆ ಹೋಯಿತು. ಆಕೆ ಪರೀಕ್ಷೆಗೆ ಕೂತವಳ ಹಾಗೆ ಉಸಿರು ಬಿಗಿಹಿಡಿದಳು.

“ಉಪ್ಪೇನೋ ಸರಿ. ಉರಿ ಜಾಸ್ತಿಯಾಗಿ ತಳ ಹಿಡಿದಿದೆ. ಮೆಣಸು ಮೊದಲೇ ಹಾಕಿದೀಯ, ಅದು ಕೊನೇಲಿ ಬೀಳಬೇಕು. ಇಪ್ಪತ್ತೆರಡು ವರ್ಷ ಇದನ್ನೇ ತಿಂತಿದ್ಯಾ ನೀನು?”

“ಹೂಂ ಕಣ್ರೀ. ಇದನ್ನೇ, ಒಬ್ಬಳೇ ಕೂತು ತಿಂತಿದ್ದೆ. ಹೇಳೋಕೆ ಯಾರಿದ್ರು?”

ಗಂಡ ಗೋಡೆ ಹಿಡಿದು ಎದ್ದು, ನೋಯುವ ಕಾಲನ್ನು ಎಳೆಯುತ್ತ ಅಡುಗೆಮನೆ ಕಡೆ ಹೊರಟ.

“ಸೌಟು ಕೊಡು ಇಲ್ಲಿ,” ಎಂದ. “ಎರಡು ತಟ್ಟೆ ಹಾಕು.”