ಗಾಳಿಗೆ ಕೈಜೋಡಿಸಿದ ಮನೆ

ಬೆಳಗಿನ ಚಹಾದ ಹೊತ್ತಿಗೆ ಆ ಮನೆಯಲ್ಲಿ ಎರಡು ಪಕ್ಷ. ಮೇಜಿನ ಆ ಕಡೆ ತುಟಿಪಿಟಕ್ಕೆನ್ನದೆ ಕುಡಿಯುವ ಮಾವ ಮತ್ತು ಹಿರಿಮಗ. ಈ ಕಡೆ ಒಲೆಯ ಪಕ್ಕ ನಿಂತು, ಸೊಸೆಯನ್ನು ಕೆಣಕದೆ ಒಂದು ಗುಟುಕೂ ಇಳಿಯದ ಕಿರಿಮಗ.

"ಅತ್ತಿಗೆ, ಇದು ಚಹಾನೋ, ಪಾತ್ರೆ ತೊಳೆದ ನೀರೋ? ಮೊದಲೇ ಹೇಳಿಬಿಡಿ, ಅದಕ್ಕೆ ತಕ್ಕ ಹಾಗೆ ಮುಖ ಮಾಡ್ಕೊಂಡು ಕುಡೀತೀನಿ."

"ಪಾತ್ರೆ ತೊಳೆದಿದ್ರೆ ತಾನೇ ಆ ನೀರು? ನಿನ್ನೆ ತೊಳೆಯೋ ಸರದಿ ನಿಂದು."

ಸೊಸೆ ಈ ಮನೆಗೆ ಬಂದಾಗ ಅವನಿಗೆ ಹಾಲುಹಲ್ಲು ಬೀಳುತ್ತಿತ್ತು. ಅತ್ತೆ ಹೊಲದಲ್ಲಿರುತ್ತಿದ್ದುದರಿಂದ, ಬಿದ್ದ ಹಲ್ಲನ್ನು ಅವಳ ಅಂಗೈಗೆ ಹಾಕಿ ಅತ್ತವನು ಅವನು. ಈಗ ಮೀಸೆ ಬಂದಿದೆ. ಆದರೆ ಅಂಗಿಯ ಗುಂಡಿ ಕಿತ್ತುಹೋದರೆ ಇವತ್ತಿಗೂ ಅವಳ ಮುಂದೆಯೇ ಬಂದು ನಿಲ್ಲುತ್ತಾನೆ. ಮೈದುನ ಎಂಬುದು ಊರಿನ ಲೆಕ್ಕಕ್ಕೆ ಮಾತ್ರ.

ಬಿರುಗಾಳಿ ಬಂದುಹೋಗಿ ವಾರವಾಗಿತ್ತು. ಮನೆಯ ಮುಂದಿನ ಆಲೂಗಡ್ಡೆ ಹೊಲ ಕೆಸರಾಗಿ ಮಲಗಿತ್ತು, ಕೊಟ್ಟಿಗೆಯ ತಗಡು ಹಾರಿ ಹಳ್ಳಕ್ಕೆ ಬಿದ್ದಿತ್ತು. ಮನೆಯ ಬೆನ್ನಿಗೇ ಏರುವ ದಿಬ್ಬದಲ್ಲಿ, ಮಾವನ ತಂದೆ ನೆಟ್ಟು ಬೆಳೆಸಿದ ಸ್ವಂತದ ಕಾಡಿನಲ್ಲಿ, ಅರ್ಧಕ್ಕೆ ಏಳೆಂಟು ಕಡಿಮೆಯಿರುವಷ್ಟು ಮರಗಳು ಬುಡಮೇಲಾಗಿದ್ದವು. ಹೊಲದ ಹಾನಿಗೆ ಸರ್ಕಾರದ ಪರಿಹಾರ ಬರುತ್ತದೆಂದು ಗೊತ್ತಿತ್ತು, ಅದರಲ್ಲಿ ತಕರಾರಿಲ್ಲ. ತಕರಾರಿದ್ದುದು ಕಾಡಿನದು. ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರ ಬಿದ್ದಿದ್ದರೆ ಮಾತ್ರ ಪೂರ್ತಿ ಪರಿಹಾರ. ಅದಕ್ಕಿಂತ ಕಡಿಮೆಯಾದರೆ, ಹೊಸ ಸಸಿ ನೆಡಲು ಒಂದಿಷ್ಟು ನೆರವು, ಅಷ್ಟೆ.

ಮಾವ ಲೋಟ ಕೆಳಗಿಟ್ಟರು. "ನಾಡಿದ್ದು ಮಧ್ಯಾಹ್ನ ಪರಿಶೀಲನೆಗೆ ಬರ್ತಾರಂತೆ. ನಾಳೆ ನಮ್ಮ ಮನೇಲಿ ಗಾಳಿಗೆ ಕೈಜೋಡಿಸಬೇಕು. ಟ್ರ್ಯಾಕ್ಟರ್ ಹೇಳಿದ್ದೀನಿ."

ಸೊಸೆ ಒಲೆಯ ಉರಿ ತಗ್ಗಿಸಿ ಇತ್ತ ತಿರುಗಿದಳು.

ಗಾಳಿಗೆ ಕೈಜೋಡಿಸುವುದು ಎಂದರೆ ಏನೆಂದು ಓದುಗರಿಗೆ ಹೇಳಬೇಕು. ಗಾಳಿ ಬಿಟ್ಟುಹೋದ ಗಟ್ಟಿಮರಗಳನ್ನು ಮನುಷ್ಯರೇ ಉರುಳಿಸಿ, ಅದನ್ನೂ ಗಾಳಿಯ ತಲೆಗೇ ಕಟ್ಟುವುದು. ಗರಗಸ ಹಾಕುವಂತಿಲ್ಲ, ಕೊಯ್ದ ಗುರುತು ಸುಳ್ಳು ಹೇಳುವುದಿಲ್ಲ. ಹಾಗಾಗಿ ಮರದ ಒಂದು ಮಗ್ಗುಲಲ್ಲಿ ಗುಂಡಿ ತೋಡುತ್ತಾರೆ. ಕಾಂಡಕ್ಕೆ ಮೇಲೆ ಉಕ್ಕಿನ ಹಗ್ಗ ಬಿಗಿದು, ಆಚೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಎಳೆಯುತ್ತಾರೆ. ಮರ ವಾಲಿದಂತೆ ಬುಡ ಮಣ್ಣುಸಮೇತ ಮೇಲೇಳುತ್ತದೆ. ಆಗ ಒಬ್ಬ ಗುಂಡಿಗಿಳಿದು, ಎದ್ದ ಬುಡದ ಕೆಳಗೇ ನಿಂತು, ಉಳಿದ ಬೇರುಗಳನ್ನು ಕೊಡಲಿಯಿಂದ ಕಡಿದು ಹಾರಿ ಹೊರಬರಬೇಕು. ಆ ದಿಬ್ಬದ ಜನ ಇದನ್ನು ಮೋಸ ಎಂದು ಒಪ್ಪುವುದೇ ಇಲ್ಲ. ಅಜ್ಜಂದಿರ ಕಾಲದಿಂದ ನಡೆದುಬಂದದ್ದು ಎನ್ನುತ್ತಾರೆ. ಅಜ್ಜಂದಿರು ಮಾಡಿದ್ದೆಲ್ಲ ಸರಿಯಾಗಿದ್ದರೆ ನಮಗೆ ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

"ಯಾವ ಮರಗಳನ್ನ, ಮಾವ?" ಸೊಸೆ ಕೇಳಿದಳು. "ಟ್ರ್ಯಾಕ್ಟರ್ ಹೋಗೋ ಕಡೆ ಈಗ ನಿಂತಿರೋದು ನಮ್ಮ ಬೆನ್ನ ಹಿಂದಿನ ಸಾಲು ಮಾತ್ರ. ಅದು ಹೋದ್ರೆ ದಿಬ್ಬದ ಮಣ್ಣು ಹಿಡಿದುಕೊಳ್ಳೋರು ಯಾರು? ಕಳೆದ ಸಲ ಮೇಲಿನ ಮನೆಯವರು ಹೀಗೇ ಕೀಳಿಸಿದ್ದಕ್ಕೆ, ಮೊದಲ ಮಳೆಗೇ ಕೆಸರು ನಮ್ಮ ಕೊಟ್ಟಿಗೆ ಒಳಗೆ ಬಂದಿರಲಿಲ್ವಾ?"

"ಕೊಟ್ಟಿಗೆಗೆ ತಾನೇ ಬಂದಿದ್ದು? ಅಡುಗೆಮನೆಗೆ ಬಂದಾಗ ಹೇಳು."

"ಸಸಿಗೆ ಅಂತ ಕೊಡೋದನ್ನ ತಗೊಳ್ಳೋಣ. ಬಿದ್ದಿರೋ ಮರ ಮಾರೋಣ. ಹೊಲದ್ದು ಹೇಗೂ ಬರುತ್ತೆ."

"ಸಸಿಗೆ ಕೊಡ್ತಾರಂತೆ ಸಸಿಗೆ! ಅದು ಮರ ಆಗೋ ಹೊತ್ತಿಗೆ ನಾನು ಅದಕ್ಕೇ ಗೊಬ್ಬರ ಆಗಿರ್ತೀನಿ." ಮಾವ ನಕ್ಕರು, ನಗು ಬೇಗನೆ ಹೋಯಿತು. "ಇನ್ನೊಂದು ವಿಷಯ ನಿನಗೆ ತಿಳಿಯೋದಿಲ್ಲ. ಎಲ್ಲರ ಕಾಡೂ ಮಲಗಿರುವಾಗ ನಮ್ಮದೊಂದೇ ನಿಂತಿದ್ರೆ, ಬಂದವರು ಕೇಳಲ್ವಾ, ಗಾಳಿಗೆ ಈ ಮನೆ ಮೇಲೆ ಮಾತ್ರ ಯಾಕಿಷ್ಟು ಕರುಣೆ ಅಂತ? ನಮ್ಮಿಂದ ಎಲ್ಲರ ಬಣ್ಣ ಬಯಲಾಗುತ್ತೆ. ಆಮೇಲೆ ಯಾರೂ ನಮ್ಮ ಹೊಲಕ್ಕೆ ನೇಗಿಲು ಹೂಡೋಕೆ ಬರಲ್ಲ."

ಇದೇ ನೋಡಿ ಆ ಪದ್ಧತಿಯ ಹಿಡಿತ. ಒಬ್ಬ ಮಾಡಿದರೆ ಎಲ್ಲರೂ ಮಾಡಲೇಬೇಕು. ಮಾಡದವನೇ ಅಲ್ಲಿ ಕಳ್ಳ.

ಅವಳು ಗಂಡನ ಮುಖ ನೋಡಿದಳು. ಅವನು ಖಾಲಿ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದ. ಹೆಂಡತಿಯ ಮುಂದೆ "ನೀನು ಹೇಳೋದೂ ನಿಜ" ಎನ್ನುವವನು, ಅಪ್ಪನ ಮುಂದೆ ಬಾಯಿ ಸತ್ತವನು. ಒಳ್ಳೆಯವನೇ. ಆದರೆ ಬಾಯಿಬಿಡದ ಒಳ್ಳೆಯತನದಿಂದ ಯಾರಿಗೇನು ಉಪಯೋಗ!

"ಗುಂಡಿಗೆ ಯಾರು ಇಳಿಯೋದು?" ಎಂದಳು.

"ಇನ್ಯಾರು?" ಮೈದುನ ಎದೆ ತಟ್ಟಿಕೊಂಡ. "ಅಣ್ಣ ಇಳಿದ್ರೆ ಹೊಟ್ಟೆ ಸಿಕ್ಕಿಹಾಕ್ಕೊಂಡು ಮೇಲೆ ಬರಲ್ಲ. ಹೆದರಬೇಡಿ ಅತ್ತಿಗೆ, ನಿಮ್ಮ ಚಹಾ ಕುಡಿದೇ ಬದುಕಿದೀನಿ."

ಮರುದಿನ ಎಲೆ ಅಲ್ಲಾಡುತ್ತಿರಲಿಲ್ಲ. ಟ್ರ್ಯಾಕ್ಟರ್ ತಂದವನು ಆಚೆಮನೆಯ ಯಜಮಾನ. ಮೈಯೆಲ್ಲ ಡೀಸೆಲ್ ವಾಸನೆಯಾದ್ದರಿಂದ ಚಿಕ್ಕವರು ದೊಡ್ಡವರೆಲ್ಲ ಅವನನ್ನು ಡೀಸೆಲ್ ಮಾಮ ಎಂದೇ ಕರೆಯುತ್ತಿದ್ದರು. ಕೆಟ್ಟವನಲ್ಲ. ಯಾರ ಮನೆಯಲ್ಲಿ ಕಷ್ಟವೆಂದರೂ ಓಡಿಬರುವವನು. ಈಗಲೂ ಸಹಾಯವೆಂದೇ ನಂಬಿ ಬಂದಿದ್ದ.

ಮೊದಲ ಮರ ಸಲೀಸಾಗಿ ಉರುಳಿತು. ಎರಡನೆಯದೂ ಉರುಳಿತು. ಸೊಸೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಪ್ರತಿ ಸಲ ಮೈದುನನ ತಲೆ ಗುಂಡಿಯಿಂದ ಮೇಲೆ ಕಾಣುವವರೆಗೆ ಉಸಿರು ಹಿಡಿದುಕೊಂಡಳು. ಅವನು ಮೈಗೆಲ್ಲ ಮಣ್ಣು ಮೆತ್ತಿಕೊಂಡು ಅವಳತ್ತ ಕೊಡಲಿ ಬೀಸಿ ತೋರಿಸಿದ. ಮೂರನೆಯದು ಸಾಲಿನಲ್ಲೇ ದಪ್ಪ ಮರ. ಹಗ್ಗ ಬಿಗಿಯಿತು, ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟೆದ್ದಿತು. ಬುಡ ಮಣ್ಣಿನ ಗೋಡೆಯಂತೆ ನಿಧಾನವಾಗಿ ಮೇಲೆದ್ದಿತು. ಮೈದುನ ಇಳಿದ. ಕೊಡಲಿಯ ಸದ್ದು ಕೇಳುತ್ತಿತ್ತು.

"ಸಾಕು ಬಾರೋ!" ಗಂಡ ಕೂಗಿದ.

"ಒಂದೇ ಬೇರು ಅಣ್ಣಾ!"

ಹಗ್ಗ ಜಾರಿತು. ವಾಲಿದ್ದ ಮರ ತಿರುಗಿ ನೆಟ್ಟಗೆ ನಿಂತುಬಿಟ್ಟಿತು. ಎದ್ದಿದ್ದ ಬುಡ ತನ್ನ ಗುಂಡಿಯಲ್ಲೇ ಮತ್ತೆ ಕೂತಿತು. ಒಂದು ಕ್ಷಣ ಅಲ್ಲಿ ಏನೂ ನಡೆದೇ ಇಲ್ಲವೆಂಬಂತಿತ್ತು: ಹಸಿರು ಮರ, ಸುತ್ತ ಹಸಿಮಣ್ಣು. ಕೊಡಲಿಯ ಸದ್ದು ಮಾತ್ರ ನಿಂತಿತ್ತು.

ಮತ್ತೆ ಹಗ್ಗ ಕಟ್ಟಿ, ಎಳೆದು, ಮರ ಬೀಳಿಸಿದ ಮೇಲೆ ಅವನು ಸಿಕ್ಕಿದ. ಸೊಸೆ ಕೈಯಿಂದಲೇ ಮಣ್ಣು ತೋಡಿದಳು. ಅವನ ಬಾಯಿಯಲ್ಲಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಕರೆದಳು. ಕೀಟಲೆಯ ಒಂದು ಮಾತಿಗಾಗಿ ಕಾದಳು. ಬರಲಿಲ್ಲ.

ವೈದ್ಯರು ಬಂದು ಹೇಗಾಯಿತೆಂದು ಕೇಳಿದರು. ಮಾವ ತಲೆಯೆತ್ತಲಿಲ್ಲ. "ಗಾಳಿಗೆ ವಾಲಿದ್ದ ಮರ. ತೆರವು ಮಾಡೋಕೆ ಹೋದ. ಮೇಲೆ ಬಿತ್ತು," ಎಂದರು. ಮಗನ ಸಾವನ್ನೂ ಗಾಳಿಯ ತಲೆಗೆ ಕಟ್ಟಿದ್ದಾಯಿತು. ಅತ್ತೆ ಗೋಡೆಗೊರಗಿ ಕೂತವರು ಅಳಲೂ ಇಲ್ಲ, ಮಾತಾಡಲೂ ಇಲ್ಲ.

ಮರುದಿನ ಬೆಳಿಗ್ಗೆ ಮಣ್ಣು ಮಾಡಿ ಬಂದರು. ಕಾಲು ತೊಳೆಯಲು ನೀರು ಕೊಡುವಷ್ಟರಲ್ಲಿ ಡೀಸೆಲ್ ಮಾಮ ಮಾವನ ಪಕ್ಕ ಕೂತ.

"ಹೇಳೋಕೆ ಬಾಯಿ ಬರಲ್ಲ. ಆದ್ರೂ ಹೇಳಲೇಬೇಕು. ಮಧ್ಯಾಹ್ನ ಅವರು ಬರ್ತಾರೆ. ಇನ್ನೂ ನಾಲ್ಕೈದು ಮರ ಮಲಗಿದ್ರೆ ಅರ್ಧ ದಾಟುತ್ತೆ. ಹುಡುಗ ಪ್ರಾಣ ಕೊಟ್ಟಿದ್ದು ವ್ಯರ್ಥ ಆಗಬಾರದು ನೋಡಿ."

ಮಾವ ಹಿರಿಮಗನತ್ತ ತಿರುಗಿದರು. "ಏಳಪ್ಪಾ. ನೀನು ಇಳಿ."

ಗಂಡ ಎದ್ದ! ತಮ್ಮನ ಕೊಡಲಿ ಗೋಡೆಗೆ ಒರಗಿಸಿದ್ದಲ್ಲೇ ಇತ್ತು. ಅವನು ಅದನ್ನು ಕೈಗೆತ್ತಿಕೊಂಡ. ಸೊಸೆ ಕೂಗಲಿಲ್ಲ. ನೇರ ಅಂಗಳಕ್ಕೆ ಹೋಗಿ, ಟ್ರ್ಯಾಕ್ಟರಿನ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು, ಅದರ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಕೀಲಿ ಕೊಡಮ್ಮಾ," ಎಂದ ಡೀಸೆಲ್ ಮಾಮ.

"ಕೊಡಲ್ಲ ಮಾಮ."

"ಹುಚ್ಚು ಹಿಡಿದಿದೆಯಾ ನಿನಗೆ?" ಮಾವ ಗುಡುಗಿದರು. "ದುಡಿಯೋ ಒಂದು ಕೈ ಹೋಯ್ತು. ಪರಿಹಾರಾನೂ ಹೋದ್ರೆ ಈ ಮನೆ ನಡೆಯೋದು ಹೇಗೆ?"

"ಇನ್ನೊಂದು ಕೈನೂ ಆ ಗುಂಡಿಗೇ ಕಳಿಸಿ ನಡೆಸ್ತೀರಾ, ಮಾವ? ಪರಿಹಾರ ಅಂದ್ರೆ ಹೋದದ್ದಕ್ಕೆ ಕೊಡೋದು. ಅದು ಸಿಗಲಿ ಅಂತ ಇರೋದನ್ನೂ ಕಳ್ಕೊಳ್ತಿದ್ದೀವಲ್ಲ!" ಅವಳು ಕೀಲಿ ಹಿಡಿದ ಮುಷ್ಟಿಯನ್ನು ಮಡಿಲಿಗೆ ಒತ್ತಿಕೊಂಡಳು. "ಅವನ ಹಲ್ಲು ಬಿದ್ದಾಗ ನಾನು ಹಿಡ್ಕೊಂಡಿದ್ದೆ. ನಿನ್ನೆ ಅವನ ತಲೆ ಹಿಡ್ಕೊಂಡೆ. ಇವರದ್ದು ಹಿಡ್ಕೊಳ್ಳೋಕೆ ನನ್ನಿಂದ ಆಗಲ್ಲ."

ಮಾವ ಮುಂದೆ ಬಂದರು. ಅವರ ಕೈ ಅವಳ ಮುಷ್ಟಿಯ ಹತ್ತಿರ ಬಂದಿತ್ತು.

"ಮುಟ್ಟಬೇಡಿ ಅವಳನ್ನ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಗಂಡನ ಮಾತಿಗೆ ಎಂದೂ ಎದುರಾಡದವರು. ನಿನ್ನೆಯಿಂದ ಅವರಾಡಿದ ಮೊದಲ ಮಾತು ಅದು. "ಕೊಡಬೇಡಮ್ಮಾ. ನನಗೆ ಉಳಿದಿರೋದು ಒಬ್ಬನೇ."

ಗಂಡ ತಾಯಿಯನ್ನು ನೋಡಿದ. ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಬಂದು ಹೆಂಡತಿಯ ಪಕ್ಕ ನಿಂತ. "ನಾನು ಇಳಿಯಲ್ಲ ಅಪ್ಪಾ," ಎಂದ.

ಹಾಗೆ ನಿಂತಿದ್ದಾಗಲೇ ಜೀಪು ಬಂತು. ಪರಿಶೀಲನೆಗೆ ಬಂದದ್ದು ಕೆಸರು ಮೆತ್ತಿದ ಬೂಟಿನ ಒಬ್ಬ ಮಹಿಳೆ; ಬೆಳಗಿನಿಂದ ಮನೆಮನೆ ಸುತ್ತಿ ಸೋತಿದ್ದರು. ಅಂಗಳದ ಮುಖಗಳನ್ನು ನೋಡಿ ಅವರೇ ದನಿ ತಗ್ಗಿಸಿದರು.

"ವಿಷಯ ಕೇಳಿದೆ. ಗಾಳಿಗೆ ಬಿದ್ದ ಮರದಿಂದ ಅಂತ. ಹಾಗಿದ್ರೆ ಸಾವಿಗೂ ಪರಿಹಾರ ಇದೆ. ಹೌದು ತಾನೇ?"

ಡೀಸೆಲ್ ಮಾಮ ಸೊಸೆಯನ್ನು ನೋಡಿದ. ಆ ನೋಟದಲ್ಲಿ ಇಡೀ ದಿಬ್ಬದ ಮನೆಗಳಿದ್ದವು. ಹೌದು ಎಂದರೆ ಸಾಕು, ಮನೆಗೆ ಕಷ್ಟವಿಲ್ಲ, ನೆರೆಯವರ ಮುನಿಸಿಲ್ಲ.

"ಅಲ್ಲ ಮೇಡಂ," ಎಂದಳು. "ನಾವೇ ಬೀಳಿಸಿದ್ವಿ. ಬೀಳಿಸುವಾಗ ಅವನು ಕೆಳಗಿದ್ದ. ಬನ್ನಿ, ಹಗ್ಗ ಉಜ್ಜಿದ ಗುರುತು ತೋರಿಸ್ತೀನಿ."

"ಯೋಚನೆ ಮಾಡಿ ಹೇಳಿ. ಇದನ್ನ ಬರೆದ್ರೆ ಮರಕ್ಕೂ ಸಿಗಲ್ಲ, ಸಾವಿಗೂ ಸಿಗಲ್ಲ. ಉಳಿದ ಮನೆಗಳನ್ನೂ ಮತ್ತೆ ನೋಡಬೇಕಾಗುತ್ತೆ."

"ಬರೀರಿ. ಹಾಗೇ ಇನ್ನೊಂದನ್ನೂ ಬರೀರಿ. ಅರ್ಧ ಬಿದ್ರೆ ಮಾತ್ರ ಕೊಡ್ತೀವಿ ಅಂತ ನಿಯಮ ಮಾಡಿದವರು, ನಿಂತಿರೋ ಮರ ಉಳಿಸ್ಕೊಂಡವರಿಗೆ ಏನಿಟ್ಟಿದ್ದಾರೆ? ನಮ್ಮ ತಪ್ಪು ನಾವು ಒಪ್ಕೊಂಡ್ವಿ. ಅವರದ್ದನ್ನ ಅವರೂ ಒಪ್ಕೊಳ್ಳಲಿ."

ಅಧಿಕಾರಿ ಮಾವನತ್ತ ತಿರುಗಿದರು. "ಯಜಮಾನರೇ, ಕಾಡು ನಿಮ್ಮ ಹೆಸರಲ್ಲಿದೆ. ನೀವೇನಂತೀರಿ? ಗಾಳಿನಾ?"

ಮಾವ ಬಾಯಿ ತೆರೆದರು. ವರ್ಷಗಳಿಂದ ರೂಢಿಯಾದ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಅವರು ದಿಬ್ಬದ ಕಡೆ ನೋಡಿದರು. ಅಲ್ಲಿ ನಾಲ್ಕನೆಯ ಮರಕ್ಕೆ ನಿನ್ನೆಯೇ ಬಿಗಿದಿಟ್ಟ ಇನ್ನೊಂದು ಹಗ್ಗ ಹಾಗೇ ಇತ್ತು. ಅದರ ಪಕ್ಕದ ಗುಂಡಿಯನ್ನು ಇನ್ನೂ ಯಾರೂ ಮುಚ್ಚಿರಲಿಲ್ಲ.

"ಗಾಳಿ ಇರಲಿಲ್ಲ ಮೇಡಂ," ಎಂದರು. "ನಿನ್ನೆ ಎಲೆ ಕೂಡ ಅಲ್ಲಾಡ್ತಿರಲಿಲ್ಲ."

ಆಮೇಲೆ ಅವರು ಯಾರಿಗೂ ಕಾಯದೆ ದಿಬ್ಬ ಹತ್ತಿದರು. ಮರದ ಹಗ್ಗವನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಸೊಸೆ ಕೀಲಿಯನ್ನು ಡೀಸೆಲ್ ಮಾಮನ ಕೈಗಿಟ್ಟು, ಅವರಿಗೆ ಕೈಜೋಡಿಸಲು ಹೋದಳು.